ಬೆನ್ನಿನ ಶಸ್ತ್ರಚಿಕಿತ್ಸೆ: ಅವಸರವೂ ಬೇಡ, ಅಲಕ್ಷ್ಯವೂ ಬೇಡ



ಕಳೆದ ಮಳೆಗಾಲದ ಒಂದು ಮುಂಜಾನೆ ನಮ್ಮ ಚಿಕಿತ್ಸಾಲಯಕ್ಕೆ ನಲವತ್ತೆರಡು ವರ್ಷದ ಗೃಹಸ್ಥರೊಬ್ಬರು ಬಂದರು. ಹಿಟ್ಟಿನ ಗಿರಣಿ ನಡೆಸುವವರು. ದೇಹವನ್ನು ಒಂದು ಬದಿಗೆ ವಾಲಿಸಿ, ಎಡಗಾಲನ್ನು ಮೆಲ್ಲಗೆ ಎತ್ತಿಡುತ್ತ, ಪತ್ನಿಯ ಹೆಗಲು ಹಿಡಿದು ಒಳಗೆ ಬಂದರು. ಅವರ ಹಿಂದೆ ಎಂ.ಆರ್.ಐ. ಚಿತ್ರಗಳ ದೊಡ್ಡ ಲಕೋಟೆ ಹಿಡಿದ ಅಣ್ಣ. ಲಕೋಟೆಯನ್ನು ನಮ್ಮ ಮೇಜಿನ ಮೇಲಿಟ್ಟು, "ಡಾಕ್ಟರ್ ಸಾಹೇಬ್ರ, ಇದರಾಗ ಎಲ್ಲಾ ಬರದಾರ. ಆಪರೇಷನ್ ಮಾಡಸ್ಬೇಕೋ ಬ್ಯಾಡೋ, ಅಷ್ಟು ಹೇಳ್ರಿ. ಸೋಮವಾರ ಬಂದು ಅಡ್ಮಿಟ್ ಆಗ್ರಿ ಅಂದಾರ. ರೊಕ್ಕದ ಸಲುವಾಗಿ ಜೋಡೆತ್ತು ಮಾರಾಕ ನಿಂತೀವಿ" ಎಂದರು. ಪತ್ನಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೆನ್ನಿಗೆ ಕತ್ತಿ ಹಚ್ಚಿದ್ರ ಮನಶ್ಯಾ ಮತ್ತ ಏಳೂದಿಲ್ಲ ಅಂತಾರ್ರಿ ನಮ್ಮ ಮಾವಾರು" ಎಂದರು.

ಮೂವತ್ತೈದು ವರ್ಷಗಳಿಗೂ ಮೀರಿದ ನಮ್ಮ ವೈದ್ಯವೃತ್ತಿಯಲ್ಲಿ ಈ ಎರಡು ಮಾತುಗಳನ್ನು ಕೇಳದ ತಿಂಗಳಿಲ್ಲ. ಒಂದು ಕಡೆ, ಈಗಲೇ ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಕಾಲು ಬಿದ್ದುಹೋದೀತೆಂಬ ಭಯ. ಇನ್ನೊಂದು ಕಡೆ, ಮಾಡಿಸಿದರೆ ಹಾಸಿಗೆ ಹಿಡಿಯಬೇಕಾದೀತೆಂಬ ಭಯ. ಇವುಗಳ ನಡುವೆ ಸಿಲುಕಿದ ರೋಗಿ ತನ್ನ ಕಾಯಕವನ್ನು ಬಿಟ್ಟು, ಸಾಲ ಮಾಡಿ, ಊರೂರು ಅಲೆಯುತ್ತಾನೆ. ಸತ್ಯ ಯಾವ ಕಡೆಗಿದೆ? ಈ ಪ್ರಶ್ನೆಯನ್ನು ಬಾಯಿಮಾತಿಗೆ ಬಿಡದೆ, ಸಾವಿರಾರು ರೋಗಿಗಳನ್ನು ವರ್ಷಾನುಗಟ್ಟಲೆ ಅನುಸರಿಸಿ ಉತ್ತರ ಹುಡುಕಿದವರು ಅಮೆರಿಕದ ಬೆನ್ನೆಲುಬು ಶಸ್ತ್ರವೈದ್ಯ ಡಾ. ಜೇಮ್ಸ್ ವೈನ್‌ಸ್ಟೀನ್. ಅವರ ಸಂಶೋಧನೆಯ ಸಾರವನ್ನೂ, ಅದನ್ನು ಓದಿದ ಮೇಲೆ ಆಯುರ್ವೇದ ವೈದ್ಯರಾದ ನಾವು ನಮ್ಮ ರೂಢಿಯಲ್ಲಿ ತಿದ್ದಿಕೊಂಡದ್ದನ್ನೂ ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇವೆ.

ಡಿಸ್ಕ್ ಜಾರುವುದೆಂದರೇನು?

ನಮ್ಮ ಬೆನ್ನುಮೂಳೆಯಲ್ಲಿ ಒಂದರ ಮೇಲೊಂದು ಕುಳಿತು ಚಲಿಸಬಲ್ಲ 24 ಕಶೇರುಕಗಳಿವೆ. ಅದರ ಕೆಳಗೆ ಒಂದಾಗಿ ಬೆಸೆದುಕೊಂಡ ತ್ರಿಕಾಸ್ಥಿ ಮತ್ತು ಬಾಲದ ಮೂಳೆಗಳಿವೆ. ಕಶೇರುಕಗಳ ನಡುವೆ ಮೆತ್ತೆಯಂತಿರುವ 23 ಡಿಸ್ಕ್‌ಗಳಿವೆ. ಪ್ರತಿಯೊಂದು ಡಿಸ್ಕ್‌ನ ಹೊರಭಾಗ ಪದರಪದರವಾದ ಗಟ್ಟಿ ನಾರಿನ ಉಂಗುರ. ಒಳಭಾಗ ಲೋಳೆಯಂತಹ ಮೃದು ತಿರುಳು. ವಯಸ್ಸಾದಂತೆ, ಭಾರ ಎತ್ತುವುದರಿಂದ, ಕೆಲವರಲ್ಲಿ ವಂಶದ ಕಾರಣದಿಂದಲೂ ಆ ಉಂಗುರ ಸೀಳುತ್ತದೆ. ಒಳಗಿನ ತಿರುಳು ಹೊರಕ್ಕೆ ಚಾಚಿ ಪಕ್ಕದ ನರದ ಬೇರನ್ನು ಒತ್ತುತ್ತದೆ, ಅಲ್ಲಿ ಉರಿಯೂತವನ್ನು ಹುಟ್ಟಿಸುತ್ತದೆ. ಜನರು ಇದನ್ನು ಡಿಸ್ಕ್ ಜಾರಿದೆ ಎನ್ನುತ್ತಾರೆ. ಡಿಸ್ಕ್ ತನ್ನ ಸ್ಥಾನದಿಂದ ಜಾರಿ ಬೇರೆಡೆ ಹೋಗಿರುವುದಿಲ್ಲ. ಆದುದರಿಂದ ಅದನ್ನು ಕೈಯಿಂದ ಒತ್ತಿ, ಬೆನ್ನನ್ನು ತುಳಿದು, ಎಳೆದು ಮರಳಿ ಕೂರಿಸುತ್ತೇವೆನ್ನುವವರ ಮಾತು ಶರೀರರಚನೆಗೆ ಒಪ್ಪುವಂಥದ್ದಲ್ಲ.

ಸೊಂಟದ ಕೆಳಗಿನ ಎರಡು ಡಿಸ್ಕ್‌ಗಳಲ್ಲಿಯೇ ಈ ತೊಂದರೆ ಹೆಚ್ಚು. ಅಲ್ಲಿಂದ ಹೊರಡುವ ನರಗಳು ಪೃಷ್ಠ, ತೊಡೆ, ಮೀನಖಂಡಗಳ ಮೂಲಕ ಪಾದದವರೆಗೆ ಇಳಿಯುತ್ತವೆ. ಕೆಟ್ಟದ್ದು ಸೊಂಟದಲ್ಲಾದರೂ ನೋವು ಕಾಲಿನಲ್ಲಿ ಹರಿಯುವುದು ಇದೇ ಕಾರಣದಿಂದ. ಇದಕ್ಕೆ ಸಯಾಟಿಕಾ ಎನ್ನುತ್ತಾರೆ. ನಮ್ಮ ಪ್ರಾಚೀನರು ಇದನ್ನು ಗೃಧ್ರಸೀ ಎಂದು ಕರೆದರು. ಚರಕ ಸಂಹಿತೆಯ ವಾತವ್ಯಾಧಿ ಪ್ರಕರಣದಲ್ಲಿ ಪೃಷ್ಠದಿಂದ ಆರಂಭವಾಗಿ ಸೊಂಟ, ತೊಡೆ, ಮೊಣಕಾಲು, ಮೀನಖಂಡ, ಪಾದಗಳವರೆಗೆ ಕ್ರಮವಾಗಿ ಇಳಿಯುವ ನೋವಿನ ವರ್ಣನೆಯಿದೆ. ಸುಶ್ರುತರು ಈ ರೋಗದಲ್ಲಿ ಕಾಲನ್ನು ಎತ್ತಲಾಗದ ಲಕ್ಷಣವನ್ನು ಗುರುತಿಸಿದ್ದಾರೆ. ಇಂದಿಗೂ ವೈದ್ಯರು ರೋಗಿಯನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸದಂತೆ ಕಾಲನ್ನು ಮೇಲೆತ್ತಿ ಪರೀಕ್ಷಿಸುತ್ತಾರೆ.

ಆದರೆ ನೋವಿನ ಮೂಲ ಡಿಸ್ಕ್‌ನಲ್ಲಿದೆ ಎಂಬುದು ಖಚಿತವಾಗಿ ತಿಳಿದದ್ದು ಕಳೆದ ಶತಮಾನದಲ್ಲಿ. ಬೋಸ್ಟನ್ ನಗರದ ಶಸ್ತ್ರವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಪ್ರಕಟಿಸಿದ ಲೇಖನದಿಂದ ಡಿಸ್ಕ್‌ನ ಚೂರನ್ನು ತೆಗೆದರೆ ಕಾಲುನೋವು ಶಮನವಾಗಬಲ್ಲದೆಂಬುದು ಲೋಕಕ್ಕೆ ತಿಳಿಯಿತು. ಅಂದಿನಿಂದ ಈ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹಬ್ಬಿತು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಪ್ರಶ್ನೆ ಮಾತ್ರ ಬಹುಕಾಲ ಹಾಗೆಯೇ ಉಳಿಯಿತು.

ಊರು ಬದಲಾದರೆ ಚಿಕಿತ್ಸೆಯೂ ಬದಲು

ಡಾ. ವೈನ್‌ಸ್ಟೀನ್ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡಾರ್ಟ್‌ಮತ್ ವೈದ್ಯಕೀಯ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅಲ್ಲಿ ಡಾ. ಜಾನ್ ವೆನ್‌ಬರ್ಗ್ ಎಂಬ ಹಿರಿಯರು ಒಂದು ವಿಚಿತ್ರ ಸಂಗತಿಯನ್ನು ಮೊದಲೇ ಗುರುತಿಸಿದ್ದರು. ನೆರೆಹೊರೆಯ ಊರುಗಳಲ್ಲಿಯೇ, ಜನರ ರೋಗಗಳು ಒಂದೇ ಬಗೆಯವಾಗಿದ್ದರೂ, ಟಾನ್ಸಿಲ್ ತೆಗೆಸುವಂತಹ ಶಸ್ತ್ರಚಿಕಿತ್ಸೆಗಳ ಪ್ರಮಾಣ ಒಂದೂರಿನಲ್ಲಿ ಕಡಿಮೆ, ಇನ್ನೊಂದೂರಿನಲ್ಲಿ ಅದರ ಹಲವು ಪಟ್ಟು. ರೋಗದಲ್ಲಿ ಭೇದವಿಲ್ಲದಿದ್ದರೆ ಭೇದವಿರುವುದು ವೈದ್ಯರ ಅಭಿಪ್ರಾಯದಲ್ಲಿ ಎಂಬುದು ಅವರ ನಿಗಮನ.

ಡಾ. ವೈನ್‌ಸ್ಟೀನ್ ಮತ್ತು ಸಂಗಡಿಗರು ಇದೇ ಕಣ್ಣಿನಿಂದ ಬೆನ್ನಿನ ಶಸ್ತ್ರಚಿಕಿತ್ಸೆಯನ್ನು ನೋಡಿದರು. 1992ರಿಂದ 2003ರವರೆಗೆ ಅಮೆರಿಕದ ಹಿರಿಯರ ಸರಕಾರಿ ವಿಮೆಯಾದ ಮೆಡಿಕೇರ್‌ನ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಲೇಖನ ಪ್ರಕಟಿಸಿದರು. ಕಶೇರುಕಗಳನ್ನು ಸ್ಕ್ರೂ, ಸರಳುಗಳಿಂದ ಒಂದಕ್ಕೊಂದು ಬೆಸೆಯುವ ಫ್ಯೂಷನ್ ಎಂಬ ಶಸ್ತ್ರಚಿಕಿತ್ಸೆಯ ಪ್ರಮಾಣದಲ್ಲಿ ಒಂದು ಪ್ರದೇಶಕ್ಕೂ ಇನ್ನೊಂದಕ್ಕೂ ಸುಮಾರು ಇಪ್ಪತ್ತು ಪಟ್ಟು ಅಂತರವಿತ್ತು. ಅದಕ್ಕೆ ಮೆಡಿಕೇರ್ ಮಾಡಿದ ವೆಚ್ಚ ಆ ಅವಧಿಯಲ್ಲಿ 7.5 ಕೋಟಿ ಡಾಲರ್‌ಗಳಿಂದ 48.2 ಕೋಟಿ ಡಾಲರ್‌ಗಳಿಗೆ ಏರಿತ್ತು. ಹಿರಿಯರೊಬ್ಬರ ಬೆನ್ನಿಗೆ ಕತ್ತಿ ತಾಗುವುದೋ ಇಲ್ಲವೋ ಎಂಬುದು ಅವರ ರೋಗದಷ್ಟೇ ಅವರ ಮನೆಯ ವಿಳಾಸವನ್ನೂ ಅವಲಂಬಿಸಿತ್ತು. ಸ್ವತಃ ಶಸ್ತ್ರವೈದ್ಯರಾಗಿದ್ದುಕೊಂಡು ತಮ್ಮ ವೃತ್ತಿಯ ಬಗೆಗೇ ಇಂಥ ಪ್ರಶ್ನೆಯನ್ನು ಎತ್ತಿದ ಅವರ ಧೈರ್ಯವನ್ನು ನಾವು ಗೌರವಿಸುತ್ತೇವೆ.

ಸ್ಪೋರ್ಟ್ ಎಂಬ ಮಹಾ ಅಧ್ಯಯನ

ಪ್ರಶ್ನೆ ಎತ್ತಿದರೆ ಸಾಲದು, ಉತ್ತರವೂ ಬೇಕು. ಅದಕ್ಕಾಗಿ ಅವರ ನೇತೃತ್ವದಲ್ಲಿ ಆರಂಭವಾದದ್ದು ಸ್ಪೋರ್ಟ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಅಧ್ಯಯನ. ಅಮೆರಿಕದ 11 ರಾಜ್ಯಗಳ 13 ಬೆನ್ನೆಲುಬು ಚಿಕಿತ್ಸಾ ಕೇಂದ್ರಗಳು ಇದರಲ್ಲಿ ಸೇರಿದವು. ಮೂರು ರೋಗಗಳನ್ನು ಪ್ರತ್ಯೇಕವಾಗಿ ಆಯ್ದುಕೊಂಡರು: ಡಿಸ್ಕ್ ಹೊರಚಾಚುವುದು, ನರಗಳ ಹಾದಿ ಕಿರಿದಾಗುವುದು, ಮತ್ತು ವಯಸ್ಸಿನಿಂದಾಗಿ ಒಂದು ಕಶೇರುಕ ಇನ್ನೊಂದರ ಮೇಲೆ ಮುಂದಕ್ಕೆ ಸರಿಯುವುದು.

ಡಿಸ್ಕ್ ರೋಗಿಗಳನ್ನು 2000ದ ಮಾರ್ಚ್‌ನಿಂದ 2004ರ ನವೆಂಬರ್‌ವರೆಗೆ ಸೇರಿಸಿಕೊಂಡರು. ಕನಿಷ್ಠ ಆರು ವಾರ ಕಾಲುನೋವು ಅನುಭವಿಸಿದವರು, ಚಿತ್ರದಲ್ಲಿ ಡಿಸ್ಕ್‌ನ ದೋಷ ಸ್ಪಷ್ಟವಾಗಿ ಕಂಡವರು, ಶಸ್ತ್ರಚಿಕಿತ್ಸೆಗೆ ಅರ್ಹರೆಂದು ವೈದ್ಯರು ಹೇಳಿದವರು ಮಾತ್ರ ಇದರಲ್ಲಿದ್ದರು. 501 ಜನರು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಲು ಒಪ್ಪಿದರು: ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಔಷಧ, ವ್ಯಾಯಾಮ, ತಿಳಿವಳಿಕೆ ಮೊದಲಾದ ಸಾಮಾನ್ಯ ಚಿಕಿತ್ಸೆ. ಅವರ ಸರಾಸರಿ ವಯಸ್ಸು 42. ಚೀಟಿಗೆ ಒಪ್ಪದೆ ತಮ್ಮ ಇಚ್ಛೆಯಂತೆ ಚಿಕಿತ್ಸೆ ಆರಿಸಿಕೊಂಡ ಇನ್ನೂ 743 ಜನರನ್ನು ಬೇರೆಯಾಗಿ ಗಮನಿಸಿದರು. ಫಲಿತಾಂಶಗಳು 2006ರ ನವೆಂಬರ್‌ನಲ್ಲಿ ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ ಎರಡು ಲೇಖನಗಳಾಗಿ ಹೊರಬಂದವು.

ಇಲ್ಲಿ ನಡೆದ ಒಂದು ಸ್ವಾರಸ್ಯವನ್ನು ಓದುಗರು ಗಮನಿಸಬೇಕು. ರೋಗಿಗಳು ಚೀಟಿಯ ಮಾತನ್ನು ಕೇಳಲಿಲ್ಲ! ಶಸ್ತ್ರಚಿಕಿತ್ಸೆಯ ಗುಂಪಿಗೆ ಸೇರಿದವರಲ್ಲಿ ಎರಡು ವರ್ಷಗಳೊಳಗೆ ಅದನ್ನು ಮಾಡಿಸಿಕೊಂಡವರು ಶೇ. 60 ಮಾತ್ರ. ಉಳಿದವರಲ್ಲಿ ಅನೇಕರು ನೋವು ತಗ್ಗಿತೆಂದು ಹಿಂದೆ ಸರಿದರು. ಇತ್ತ ಶಸ್ತ್ರಚಿಕಿತ್ಸೆ ಬೇಡವೆಂದು ಇರಿಸಿದ ಗುಂಪಿನಲ್ಲಿ ನೋವು ತಾಳಲಾರದ ಶೇ. 45 ಜನ ಅದನ್ನು ಮಾಡಿಸಿಕೊಂಡರು. ಹೀಗೆ ಗುಂಪುಗಳು ಬೆರೆತುಹೋದುದರಿಂದ, ಚೀಟಿಯಂತೆ ಲೆಕ್ಕ ಹಾಕಿದಾಗ ಎರಡರ ನಡುವಿನ ಅಂತರ ಅಲ್ಪವಾಗಿ ಕಂಡಿತು. ಯಾರು ನಿಜವಾಗಿ ಯಾವ ಚಿಕಿತ್ಸೆ ಪಡೆದರೆಂಬಂತೆ ಲೆಕ್ಕ ಹಾಕಿದಾಗ ಶಸ್ತ್ರಚಿಕಿತ್ಸೆ ಪಡೆದವರು ಹೆಚ್ಚು ಸುಧಾರಿಸಿದ್ದರು. ಎರಡನೆಯ ಲೆಕ್ಕಕ್ಕೆ ಯಾದೃಚ್ಛಿಕ ಅಧ್ಯಯನದ ಬಲವಿಲ್ಲವಾದ್ದರಿಂದ ಅದನ್ನು ಎಚ್ಚರದಿಂದ ಓದಬೇಕು.

ಈ ಲೇಖನಗಳು ಹೊರಬಂದಾಗ ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧವನ್ನು ಎತ್ತಿಕೊಂಡರೆಂದು ನಮಗೆ ಅನಿಸುತ್ತದೆ. ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವೇ ಇಲ್ಲವೆಂದು ನಮ್ಮಂಥ ಕೆಲವು ವೈದ್ಯರು ಹೇಳಿಕೊಂಡೆವು. ಪೂರ್ಣ ಓದಿದರೆ ತಿಳಿಯುವುದು ಇಷ್ಟು. ಮೊದಲನೆಯದಾಗಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬೇಗ ಮತ್ತು ಹೆಚ್ಚು ಸುಧಾರಿಸಿದರು. ಎರಡನೆಯದಾಗಿ, ಮಾಡಿಸಿಕೊಳ್ಳದವರೂ ಗಣನೀಯವಾಗಿ ಸುಧಾರಿಸಿದರು. ಮೂರನೆಯದಾಗಿ, ಕಾದದ್ದರಿಂದ ಕಾಲಿನ ಶಕ್ತಿ ಉಡುಗಿಹೋದೀತೆಂಬ ಭಯ ಈ ರೋಗಿಗಳಲ್ಲಿ ನಿಜವಾಗಲಿಲ್ಲ. ನಾಲ್ಕನೆಯದಾಗಿ, ಶಸ್ತ್ರಚಿಕಿತ್ಸೆಯಿಂದ ಹಾಸಿಗೆ ಹಿಡಿಯಬೇಕಾದೀತೆಂಬ ಭಯವೂ ನಿಜವಾಗಲಿಲ್ಲ. ನರದ ಹೊದಿಕೆಗೆ ಸಣ್ಣ ಸೀಳು ಬಿದ್ದದ್ದು ನೂರಕ್ಕೆ ನಾಲ್ವರಲ್ಲಿ. ಒಂದು ವರ್ಷದೊಳಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾದದ್ದೂ ನೂರಕ್ಕೆ ನಾಲ್ವರಿಗೆ.

ಗಿರಣಿಯವರ ಅಣ್ಣನ ಭಯ, ಅವರ ಮಾವನವರ ಭಯ ಎರಡೂ ಇಲ್ಲಿ ಒಟ್ಟಿಗೇ ಕರಗುತ್ತವೆ.

ನೆದರ್ಲೆಂಡ್ಸ್ ದೇಶದ ಅಧ್ಯಯನವೂ ಇದನ್ನೇ ಹೇಳಿತು. ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ 283 ರೋಗಿಗಳ ಮೇಲೆ ಡಾ. ಪೌಲ್ ಮತ್ತು ಸಂಗಡಿಗರು ನಡೆಸಿದ ಆ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಬೇಗ ಗುಣ ಕಂಡರು. ವರ್ಷ ತುಂಬುವಾಗ ಎರಡೂ ಗುಂಪುಗಳಲ್ಲಿ ಶೇ. 95 ಜನ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನವರಲ್ಲಿ ಶೇ. 39 ಜನರಿಗೆ ಆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕಾಯಿತೆಂಬುದನ್ನೂ ಮರೆಯಬಾರದು.

ಕಾದರೆ ಗುಣವಾಗುವುದು ಹೇಗೆ? ಹೊರಚಾಚಿದ ತಿರುಳನ್ನು ಶರೀರ ಪರಕೀಯವೆಂದು ಗುರುತಿಸಿ, ರಕ್ತದ ಬಿಳಿಕಣಗಳ ಮೂಲಕ ಸ್ವಲ್ಪಸ್ವಲ್ಪವಾಗಿ ಕರಗಿಸುತ್ತದೆ. ನರದ ಸುತ್ತಣ ಉರಿಯೂತ ಇಳಿಯುತ್ತದೆ. ದೊಡ್ಡ ಚೂರು ಕಂಡು ಗಾಬರಿಯಾಗುವವರುಂಟು. ಆದರೆ ಪೂರ್ತಿ ಹೊರಬಿದ್ದ ದೊಡ್ಡ ಚೂರುಗಳೇ ಹೆಚ್ಚಾಗಿ ಕರಗುತ್ತವೆಂಬುದು ಮರುಚಿತ್ರಗಳಿಂದ ತಿಳಿದುಬಂದಿದೆ.

ಎಲ್ಲ ಬೆನ್ನುರೋಗವೂ ಒಂದೇ ಅಲ್ಲ

ಅರವತ್ತು ದಾಟಿದ ಹಿರಿಯರ ಕಥೆ ಬೇರೆ. ಸ್ವಲ್ಪ ನಡೆದೊಡನೆ ಕಾಲುಗಳು ಜೋಮು ಹಿಡಿದು ಭಾರವಾಗುವುದು, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಹಾಯೆನಿಸುವುದು: ಇವು ನರಗಳ ಹಾದಿ ಕಿರಿದಾದುದರ ಲಕ್ಷಣಗಳು. ಇಲ್ಲಿ ಒತ್ತುವುದು ದಪ್ಪವಾದ ಮೂಳೆ ಮತ್ತು ಸ್ನಾಯುರಜ್ಜು; ಅದು ತಿರುಳಿನಂತೆ ಕರಗುವುದಿಲ್ಲ. ಕಶೇರುಕ ಮುಂದೆ ಸರಿದವರ ಫಲಿತಾಂಶವನ್ನು 2007ರಲ್ಲಿಯೂ, ಹಾದಿ ಕಿರಿದಾದ 654 ರೋಗಿಗಳ ಫಲಿತಾಂಶವನ್ನು 2008ರಲ್ಲಿಯೂ ಡಾ. ವೈನ್‌ಸ್ಟೀನ್ ತಂಡ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟಿಸಿತು. ಎರಡರಲ್ಲಿಯೂ, ನಿಜವಾಗಿ ಪಡೆದ ಚಿಕಿತ್ಸೆಯಂತೆ ಲೆಕ್ಕ ಹಾಕಿದಾಗ, ಎರಡು ವರ್ಷಗಳವರೆಗೆ ಶಸ್ತ್ರಚಿಕಿತ್ಸೆ ಪಡೆದವರ ನೋವು ಮತ್ತು ನಡಿಗೆ ಹೆಚ್ಚು ಸುಧಾರಿಸಿದ್ದವು. ಆದುದರಿಂದ ಮಠದ ಮೆಟ್ಟಿಲು ಹತ್ತಲಾಗದೆ ಕೊರಗುವ ಹಿರಿಯರಿಗೆ, "ವಯಸ್ಸಾಯಿತು, ಇನ್ನೇನು ಆಪರೇಷನ್" ಎಂದು ಹೇಳಿ ಕೈಚೆಲ್ಲುವುದು ಸರಿಯಲ್ಲ.

ಇನ್ನೊಂದು ಭೇದವನ್ನೂ ತಿಳಿಯಬೇಕು. ಡಿಸ್ಕ್ ಶಸ್ತ್ರಚಿಕಿತ್ಸೆಯಿಂದ ಹೆಚ್ಚು ಶಮನವಾಗುವುದು ಕಾಲಿಗೆ ಹರಿಯುವ ನೋವು. ಕಾಲುನೋವಿಲ್ಲದೆ ಕೇವಲ ಸೊಂಟ ನೋಯುವವರು ಅದರಿಂದ ಅಷ್ಟೇ ಫಲ ನಿರೀಕ್ಷಿಸುವಂತಿಲ್ಲ.

ಚಿತ್ರವನ್ನಷ್ಟೇ ನಂಬಬೇಡಿ

1994ರಲ್ಲಿ ಡಾ. ಮೌರೀನ್ ಜೆನ್ಸನ್ ಮತ್ತು ಸಂಗಡಿಗರು ಬೆನ್ನುನೋವೇ ಇಲ್ಲದ 98 ಜನರ ಎಂ.ಆರ್.ಐ. ತೆಗೆದರು. ಅವರಲ್ಲಿ ಶೇ. 64 ಜನರ ಡಿಸ್ಕ್‌ಗಳಲ್ಲಿ ಒಂದಲ್ಲ ಒಂದು ದೋಷ ಕಂಡಿತು. ಕೂದಲು ನರೆತಂತೆ, ಚರ್ಮ ಸುಕ್ಕುಗಟ್ಟಿದಂತೆ ಡಿಸ್ಕ್ ಕೂಡ ಸವೆಯುತ್ತದೆ. ವರದಿಯಲ್ಲಿ ಉಬ್ಬಿದೆ, ಒಣಗಿದೆ, ಸವೆದಿದೆ ಎಂದು ಬರೆದ ಮಾತ್ರಕ್ಕೆ ನೋವಿನ ಕಾರಣ ಅದೇ ಎನ್ನಲಾಗದು. ಚಿತ್ರದಲ್ಲಿ ಒತ್ತಡಕ್ಕೊಳಗಾದ ನರಕ್ಕೂ, ರೋಗಿಯ ಕಾಲಿನಲ್ಲಿ ನೋವು ಹರಿಯುವ ದಾರಿಗೂ, ಪರೀಕ್ಷೆಯಲ್ಲಿ ಕಂಡ ಬಲಹೀನತೆಗೂ ಹೊಂದಿಕೆಯಾಗಬೇಕು. ಲಕೋಟೆಯನ್ನು ತೆರೆಯುವ ಮೊದಲು ರೋಗಿಯನ್ನು ಮಂಚದ ಮೇಲೆ ಮಲಗಿಸಿ ಪರೀಕ್ಷಿಸುವ ವೈದ್ಯರನ್ನು ಹುಡುಕಿಕೊಳ್ಳಿರಿ.

ನಮ್ಮಿಂದಾದ ತಪ್ಪು

ಈ ಲೇಖನ ಬರೆಯಲು ಮುಖ್ಯ ಕಾರಣವನ್ನು ಈಗ ಹೇಳಬೇಕಾಗಿದೆ. ಸ್ಪೋರ್ಟ್ ಅಧ್ಯಯನದಿಂದ ಒಂದು ಬಗೆಯ ರೋಗಿಗಳನ್ನು ಮೊದಲೇ ಹೊರಗಿಟ್ಟಿದ್ದರು. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆಯ ಬಾಲದಂತೆ ಗೊಂಚಲಾಗಿ ಇಳಿಯುತ್ತವೆ. ದೊಡ್ಡ ಡಿಸ್ಕ್ ಚೂರು ಆ ಇಡೀ ಗೊಂಚಲನ್ನೇ ಒತ್ತಿದಾಗ ಮೂತ್ರ, ಮಲ ಮತ್ತು ಜನನಾಂಗದ ನರಗಳು ಸಾಯತೊಡಗುತ್ತವೆ. ಇಂಥವರನ್ನು ಕಾಯಿಸುವುದು ಅಪರಾಧ. ಆದುದರಿಂದಲೇ ಅವರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳಲಿಲ್ಲ. ಕಾದರೆ ತೊಂದರೆಯಿಲ್ಲ ಎಂಬ ಮಾತು ಇವರಿಗೆ ಅನ್ವಯಿಸುವುದಿಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಲಾರಿ ಚಾಲಕನೊಬ್ಬನನ್ನು ನಮ್ಮಲ್ಲಿಗೆ ಹೊತ್ತು ತಂದರು. ಎರಡೂ ಕಾಲಿಗೆ ನೋವು. ಬೆಳಗಿನಿಂದ ಮೂತ್ರ ಸರಿಯಾಗಿ ಹೋಗುತ್ತಿಲ್ಲವೆಂದು ಆತ ಹೇಳಿದ್ದ. ಕುಳಿತುಕೊಳ್ಳುವ ಜಾಗ ಮರಗಟ್ಟಿದಂತಿದೆಯೆಂದೂ ಹೇಳಿದ್ದ. ನಾವು ಅದನ್ನು ಅಪಾನವಾಯುವಿನ ವಿಕೃತಿಯೆಂದು ಬಗೆದೆವು. ನೋವಿನ ಬಾಧೆಯಿಂದ ಮೂತ್ರ ತಡೆದಿರಬೇಕೆಂದು ಸಮಾಧಾನ ಹೇಳಿದೆವು. ಕಟಿಬಸ್ತಿ ಮಾಡಿದೆವು, ಕಷಾಯ ಕೊಟ್ಟೆವು. ಎರಡು ದಿನಗಳು ಹಾಗೆ ಕಳೆದವು. ಮೂರನೆಯ ದಿನ ಆತನ ಹೊಟ್ಟೆ ಉಬ್ಬಿದಾಗ ಎಚ್ಚೆತ್ತು ನಗರದ ಆಸ್ಪತ್ರೆಗೆ ಕಳುಹಿಸಿದೆವು. ಅಂದೇ ಶಸ್ತ್ರಚಿಕಿತ್ಸೆಯಾಯಿತು. ಆತ ನಡೆದಾಡುವಂತಾದ. ಮೂತ್ರದ ಹಿಡಿತ ಮಾತ್ರ ಪೂರ್ಣವಾಗಿ ಮರಳಲಿಲ್ಲ. ಲಾರಿಯ ಕೆಲಸ ಬಿಡಬೇಕಾಯಿತು.

ಆತ ನಮ್ಮನ್ನು ಒಂದು ದಿನವೂ ದೂರಲಿಲ್ಲ. ಜಾತ್ರೆಯಲ್ಲಿ ಎದುರಾದರೆ ಈಗಲೂ ಬಾಗಿ ನಮಸ್ಕರಿಸುತ್ತಾನೆ. ಆ ನಮಸ್ಕಾರವನ್ನು ಸ್ವೀಕರಿಸುವುದು ನಮಗೆ ಕಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಅವಸರಪಡಿಸುವವರನ್ನು ಟೀಕಿಸುವುದು ಸುಲಭ. ನಮ್ಮ ಪದ್ಧತಿಯ ಮೇಲಿನ ಅಭಿಮಾನದಿಂದ ರೋಗಿಯ ಸಮಯವನ್ನು ಕಳೆಯುವುದೂ ಅಷ್ಟೇ ದೊಡ್ಡ ತಪ್ಪೆಂಬುದನ್ನು ನಾವು ಆತನಿಂದ ಕಲಿತೆವು. ಆಯುರ್ವೇದದ ಎಂಟು ಅಂಗಗಳಲ್ಲಿ ಶಲ್ಯತಂತ್ರವೂ ಒಂದು. ಸುಶ್ರುತರ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಶಸ್ತ್ರವನ್ನು ಶತ್ರುವೆಂದು ಕಾಣಲಾಗದು.

ಕೆಳಗಿನ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ ಆ ದಿನವೇ, ರಾತ್ರಿಯಾಗಿದ್ದರೂ, ದೊಡ್ಡ ಆಸ್ಪತ್ರೆಗೆ ಹೋಗಬೇಕು:

1. ಮೂತ್ರ ಬಾರದಿರುವುದು, ಮೂತ್ರ ಬಂದುದು ತಿಳಿಯದಿರುವುದು, ಅಥವಾ ಮಲಮೂತ್ರಗಳ ಹಿಡಿತ ತಪ್ಪುವುದು.
2. ಗುದ, ಜನನಾಂಗ, ಒಳತೊಡೆಗಳ ಸುತ್ತ ಮರಗಟ್ಟುವುದು.
3. ಎರಡೂ ಕಾಲುಗಳಲ್ಲಿ ಒಮ್ಮೆಗೇ ತೀವ್ರ ನೋವು ಅಥವಾ ನಿಶ್ಶಕ್ತಿ.
4. ಪಾದ ಎತ್ತಲಾಗದೆ ಚಪ್ಪಲಿ ಜಾರುವುದು, ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು.
5. ಬೆನ್ನುನೋವಿನೊಡನೆ ಜ್ವರ, ಬಿದ್ದು ಪೆಟ್ಟಾದ ನಂತರದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಕಂಡ ಬೆನ್ನುನೋವು.

ಕಾಯುವ ವಾರಗಳಲ್ಲಿ ಏನು ಮಾಡಬೇಕು?

ಮೇಲಿನ ಲಕ್ಷಣಗಳಿಲ್ಲದವರಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ಕಾಲಾವಕಾಶವಿದೆ. ಆ ವಾರಗಳನ್ನು ಹಾಸಿಗೆಯಲ್ಲಿ ಕಳೆಯಬಾರದು. 1999ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು 183 ಸಯಾಟಿಕಾ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವಾರ ಹಾಸಿಗೆಯ ವಿಶ್ರಾಂತಿ ವಿಧಿಸಿದರು. ಹನ್ನೆರಡು ವಾರಗಳ ನಂತರ ಎರಡೂ ಗುಂಪುಗಳಲ್ಲಿ ಶೇ. 87 ಜನ ಸುಧಾರಿಸಿದ್ದರು. ಮಲಗಿದ್ದರಿಂದ ಲಾಭವಾಗಲಿಲ್ಲ. ನೋವು ಸಹಿಸುವಷ್ಟು ನಡೆದಾಡಿರಿ. ಒಂದೇ ಭಂಗಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕುಳಿತುಕೊಳ್ಳಬೇಡಿರಿ. ಬಾಗಿ ತಿರುಗಿ ಭಾರ ಎತ್ತಬೇಡಿರಿ. ಹೊಗೆಸೊಪ್ಪು ಬಿಡಿರಿ, ಅದು ಡಿಸ್ಕ್‌ನ ಪೋಷಣೆಯನ್ನು ಕೆಡಿಸುತ್ತದೆ.

ಆಯುರ್ವೇದದ ಅಭ್ಯಂಗ, ಸ್ವೇದನ, ಕಟಿಬಸ್ತಿಗಳನ್ನು ಅರ್ಹ ವೈದ್ಯರಲ್ಲಿ ಪಡೆಯಬಹುದು. ಉದ್ದಿನ ಹಿಟ್ಟಿನ ಕಟ್ಟೆಯೊಳಗೆ ಬೆಚ್ಚಗಿನ ತೈಲ ನಿಲ್ಲಿಸುವುದರಿಂದ ಬಿಗಿದ ಸ್ನಾಯು ಸಡಿಲಗೊಂಡು ಹಾಯೆನಿಸುತ್ತದೆ, ನಿದ್ರೆ ಬರುತ್ತದೆ. ಅದು ಡಿಸ್ಕನ್ನು ಒಳಕ್ಕೆ ತಳ್ಳುತ್ತದೆಂದು ನಾವು ಹೇಳುವುದಿಲ್ಲ, ಹೇಳುವವರನ್ನು ನಂಬಲೂಬೇಡಿರಿ. ಮರಗಟ್ಟಿದ ಚರ್ಮದ ಮೇಲೆ ಬಿಸಿ ತೈಲ ಅಪಾಯಕಾರಿ, ಸುಟ್ಟರೂ ತಿಳಿಯದು. ಮಧುಮೇಹಿಗಳು ಈ ವಿಷಯದಲ್ಲಿ ಇನ್ನೂ ಎಚ್ಚರದಿಂದಿರಬೇಕು. ಹೆಸರು, ವಿವರ ಇಲ್ಲದ ಪೊಟ್ಟಣದ ಪುಡಿಗಳನ್ನು ಸೇವಿಸಬೇಡಿರಿ.

ನಿರ್ಧಾರ ಯಾರದು?

ಸ್ಪೋರ್ಟ್ ಅಧ್ಯಯನಕ್ಕೆ ಸೇರುವ ಮುನ್ನ ರೋಗಿಗಳಿಗೆ ಎರಡೂ ಚಿಕಿತ್ಸೆಗಳ ಲಾಭನಷ್ಟಗಳನ್ನು ತಿಳಿಸುವ ವಿಡಿಯೋ ತೋರಿಸಿದ್ದರು. ಡಾ. ವೈನ್‌ಸ್ಟೀನ್ ಅವರ ಮಗಳು ಎಳವೆಯಲ್ಲಿಯೇ ರಕ್ತದ ಕ್ಯಾನ್ಸರ್‌ಗೆ ತುತ್ತಾಗಿ ತೀರಿಕೊಂಡಳು. ಮಗುವಿನ ಚಿಕಿತ್ಸೆಯ ಒಂದೊಂದು ನಿರ್ಧಾರವನ್ನೂ ತಂದೆಯಾಗಿ ಎದುರಿಸಿದ ಆ ಅನುಭವ ತಮ್ಮನ್ನು ಬದಲಿಸಿತೆಂದು ಅವರು ಹೇಳಿಕೊಂಡಿದ್ದಾರೆ. ವೈದ್ಯರು ಸಂಗತಿಗಳನ್ನು ತಿಳಿಸಬೇಕು, ರೋಗಿ ತನ್ನ ಬದುಕಿಗೆ ಒಪ್ಪುವುದನ್ನು ಆರಿಸಬೇಕು, ಇಬ್ಬರೂ ಕೂಡಿ ನಿರ್ಧರಿಸಬೇಕೆಂಬುದು ಅವರು ಜೀವನವಿಡೀ ಸಾರಿದ ವಿಚಾರ.

ಆದುದರಿಂದ ಶಸ್ತ್ರವೈದ್ಯರ ಮುಂದೆ ಸಂಕೋಚವಿಲ್ಲದೆ ಕೇಳಿರಿ: ನನ್ನ ಕಾಲುನೋವಿಗೂ ಈ ಚಿತ್ರಕ್ಕೂ ಹೊಂದಿಕೆಯಾಗುತ್ತದೆಯೇ? ಆರು ವಾರ ಕಾದರೆ ಏನಾಗಬಹುದು? ಕೇವಲ ಚೂರನ್ನು ತೆಗೆಯುವಿರೋ, ಮೂಳೆಗಳನ್ನು ಬೆಸೆಯುವಿರೋ? ಬೆಸೆಯುವುದಾದರೆ ಏಕೆ? ನಾನು ಎಂದು ಕೆಲಸಕ್ಕೆ ಮರಳಬಹುದು? ಇದನ್ನು ಕೇಳಿದರೆ ಒಳ್ಳೆಯ ವೈದ್ಯರಿಗೆ ಬೇಸರವಾಗುವುದಿಲ್ಲ.

ಗಿರಣಿಯವರನ್ನು ಪರೀಕ್ಷಿಸಿದಾಗ ಅಪಾಯದ ಲಕ್ಷಣಗಳಿರಲಿಲ್ಲ. ನೋವು ಆರಂಭವಾಗಿ ಮೂರು ವಾರಗಳಾಗಿದ್ದವು. ಎರಡೂ ದಾರಿಗಳನ್ನು ವಿವರಿಸಿ, ಪರಿಚಿತ ಶಸ್ತ್ರವೈದ್ಯರೊಬ್ಬರ ಅಭಿಪ್ರಾಯವನ್ನೂ ಪಡೆಯುವಂತೆ ಕಳುಹಿಸಿದೆವು. ಅವರು ಕಾಯಲು ನಿರ್ಧರಿಸಿದರು. ಪ್ರತಿ ವಾರ ಬಂದು ಪಾದದ ಬಲವನ್ನು ಪರೀಕ್ಷಿಸಿಕೊಂಡರು. ಒಂಬತ್ತನೆಯ ವಾರ ಪತ್ನಿಯ ಹೆಗಲು ಹಿಡಿಯದೆ ಒಳಗೆ ಬಂದರು. ಅದೇ ಅವಧಿಯಲ್ಲಿ ಬಂದಿದ್ದ ಹೊಲಿಗೆ ಕೆಲಸದ ತಾಯಿಯೊಬ್ಬರು ಎಂಟು ವಾರ ಕಾದರೂ ಯಂತ್ರದ ಮುಂದೆ ಹತ್ತು ನಿಮಿಷ ಕೂರಲಾರದೆ ಹೋದರು. ಅವರು ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಂಡರು, ಕಾಲುನೋವಿನಿಂದ ಬಿಡುಗಡೆ ಪಡೆದರು. ಇಬ್ಬರ ನಿರ್ಧಾರವೂ ಸರಿಯಾಗಿತ್ತು; ಇಬ್ಬರೂ ತಿಳಿದು ನಿರ್ಧರಿಸಿದ್ದರು.

ಗಿರಣಿಯವರ ಅಣ್ಣ ಎತ್ತುಗಳನ್ನು ಮಾರಲಿಲ್ಲ. ಗಿರಣಿಗೆ ಬರುವ ದೊಡ್ಡ ಚೀಲಗಳನ್ನು ಈಗ ಅರ್ಧರ್ಧವಾಗಿ ಸುರಿದುಕೊಂಡು ಇಬ್ಬರು ಎತ್ತುತ್ತಾರಂತೆ.

ಓದುಗರಲ್ಲಿ ನಮ್ಮದೊಂದು ವಿನಂತಿ. ಮೇಲೆ ಕೊಟ್ಟ ಐದು ಲಕ್ಷಣಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಗೋಡೆಗೆ ಅಂಟಿಸಿರಿ, ಓದಲು ಬಾರದ ನೆರೆಯವರಿಗೆ ಓದಿ ಹೇಳಿರಿ. ಅಂದು ಆ ಚಾಲಕನ ಮನೆಯಲ್ಲಿಯೂ, ನಮ್ಮ ಚಿಕಿತ್ಸಾಲಯದಲ್ಲಿಯೂ ಅಂಥ ಹಾಳೆಯೊಂದು ಇರಬೇಕಿತ್ತು.